ನವಿಲು ಮುದ್ರೆ, ಮೊಸಳೆ ಮುದ್ರೆ

“ಗುರುಗಳೇ, ಒಂದೇ ವಸ್ತುವನ್ನು ಮನುಷ್ಯ ಮೊದಲು ಹೊಗಳುತ್ತಾನೆ. ಆಮೇಲೆ ಅದನ್ನೇ ತೆಗಳುತ್ತಾನೆ. ವಯಸ್ಸಾದ ಮೇಲೆ ಎರಡನ್ನೂ ಬಿಟ್ಟು, ತೂಗಿ ನೋಡಿ ಮಾತನಾಡುತ್ತಾನೆ. ಆ ಕೊನೆಯ ಮಾತನ್ನು ಸತ್ಯವೆಂದು ನಂಬಬಹುದೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಬಾವಿಯ ಹಗ್ಗದ ಸವೆದ ಭಾಗವನ್ನು ಕತ್ತರಿಸಿ ಗಂಟು ಹಾಕುತ್ತಿದ್ದರು. ಗಂಟು ಬಿಗಿಯಾದ ಮೇಲೆ ಹಗ್ಗವನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಳ್ಳಿಯ ವರ್ತಕನಿದ್ದ. ಮನೆಯ ಮುಂಭಾಗದಲ್ಲೇ ಅವನ ಅಂಗಡಿ. ಕಾಲ್ಗೆಜ್ಜೆ, ಕಡಗ, ಉಡಿದಾರಗಳನ್ನು ಎತ್ತಿನ ಗಾಡಿಯಲ್ಲಿಟ್ಟುಕೊಂಡು ಸುತ್ತಲಿನ ಸಂತೆಗಳಿಗೆ ಹೋಗಿ ಮಾರುತ್ತಿದ್ದ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಮುಚ್ಚುಮರೆಯಿಲ್ಲ. ಅದಕ್ಕೇ ಊರು ಅವನ ಮಾತನ್ನು ಕೇಳುತ್ತಿತ್ತು. ಎತ್ತು ಕೊಳ್ಳುವವರು ಅವನನ್ನು ಕೇಳಿ ಕೊಳ್ಳುತ್ತಿದ್ದರು. ಹೆಣ್ಣು ಕೊಡುವವರೂ ಅವನನ್ನು ಒಂದು ಮಾತು ಕೇಳಿಯೇ ಮುಂದುವರಿಯುತ್ತಿದ್ದರು.

ಸಂತೆಯ ದಾರಿಯಲ್ಲಿ ಒಂದು ಕಣಿವೆಯಿತ್ತು. ಅಲ್ಲಿ ಕಳ್ಳರ ಕಾಟ ಹೆಚ್ಚಿತು. ವರ್ತಕ ಸರ್ಕಾರದಿಂದ ಲೈಸೆನ್ಸು ಪಡೆದು ಪಿಸ್ತೂಲು ಕೊಳ್ಳಲು ಹೊರಟ. ಊರಿನಲ್ಲಿ ಆಯುಧ ಮಾರುವ ಅಂಗಡಿ ಒಂದೇ ಇತ್ತು. ಅಂಗಡಿಕಾರ ಎರಡು ಪಿಸ್ತೂಲುಗಳನ್ನು ಮುಂದಿಟ್ಟ. ಒಂದರ ಹಿಡಿ ಬೆಳ್ಳಗೆ, ನುಣುಪಾಗಿತ್ತು. ಅದರ ಮೇಲೆ ನವಿಲಿನ ಮುದ್ರೆ. ಇನ್ನೊಂದು ಕಪ್ಪು, ಒರಟು. ಅದರ ಮೇಲೆ ಮೊಸಳೆಯ ಮುದ್ರೆ. ಎರಡೂ ಬೇರೆ ಬೇರೆ ಕಾರ್ಖಾನೆಯವು.

ವರ್ತಕ ಮೊಸಳೆಯನ್ನು ಮುಟ್ಟಿಯೂ ನೋಡಲಿಲ್ಲ. ನವಿಲನ್ನು ಮನೆಗೆ ತಂದ.

ತಂದ ದಿನದಿಂದ ಅವನಿಗೆ ಬೇರೆ ಮಾತಿಲ್ಲ. ಬೆಳ್ಳಿ ನೋಡಲು ಬಂದವರಿಗೆ ಪಿಸ್ತೂಲನ್ನೂ ತೋರಿಸುತ್ತಿದ್ದ. ಪಿಸ್ತೂಲು ಎಂದರೆ ನವಿಲು ಮುದ್ರೆಯದು, ಉಳಿದವೆಲ್ಲ ಬರೀ ಕಬ್ಬಿಣ ಎನ್ನುತ್ತಿದ್ದ. ಕಣಿವೆಯ ದಾರಿಯಲ್ಲಿ ಓಡಾಡುವ ಬೇರೆ ವರ್ತಕರು ಅವನ ಮಾತು ಕೇಳಿ ತಾವೂ ನವಿಲನ್ನೇ ಕೊಂಡರು. ಮೊದಲೇ ಮೊಸಳೆ ಕೊಂಡಿದ್ದ ಒಬ್ಬ ಎಣ್ಣೆ ವ್ಯಾಪಾರಿ ಅದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ.

ಆದರೆ ವರ್ತಕ ಆ ಪಿಸ್ತೂಲಿನಿಂದ ಒಂದು ಗುಂಡನ್ನೂ ಹಾರಿಸಲಿಲ್ಲ. ಅಷ್ಟು ಚೆಂದದ ವಸ್ತುವಿನ ಬಾಯಿಗೆ ಮಸಿ ಹಿಡಿಯಬಾರದು ಎಂದುಕೊಂಡ. ಪ್ರತಿ ವರ್ಷ ಆಯುಧಪೂಜೆಯ ದಿನ ಅದನ್ನು ತಕ್ಕಡಿಯ ಪಕ್ಕದಲ್ಲಿಟ್ಟು ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಏರಿಸಿ, ಹೂವು ಮುಡಿಸುತ್ತಿದ್ದ.

ಒಂದು ವರ್ಷ ಹೆಂಡತಿ ಹೇಳಿದಳು, “ತಕ್ಕಡಿಗೆ ಹಚ್ಚಿದ್ದು ಸಾಕು ಕಣ್ರೀ. ಇದರ ಸಂದುಗೊಂದಿಗೆಲ್ಲ ಕುಂಕುಮ ಇಳೀತಿದೆ. ಒಳಗೆ ಏನೇನು ಕೀಲು ಇದ್ದಾವೋ.”

“ದೇವರ ಕುಂಕುಮದಿಂದ ಯಾವುದೂ ಕೆಡೋದಿಲ್ಲ. ನೀನು ಆರತಿ ತಾ” ಎಂದ ವರ್ತಕ.

ಅವಳು ಆರತಿ ತಂದಳು.

ಹೀಗೆ ಕೆಲವು ವರ್ಷ ಕಳೆಯಿತು. ಪಿಸ್ತೂಲಿಗೆ ಕೆಲಸ ಬೀಳಲಿಲ್ಲ. ಕೆಲಸ ಬೀಳದಿರುವುದೇ ಅದರ ಪ್ರಭಾವ ಎಂದು ವರ್ತಕ ತಿಳಿದ. ನವಿಲಿನ ಹೆಸರು ಕೇಳಿಯೇ ಕಳ್ಳರು ಕಣಿವೆ ಬಿಟ್ಟರು ಎಂದು ಹೇಳಿಕೊಂಡ. ಕೇಳಿದವರು ತಲೆದೂಗಿದರು.

ಕಳ್ಳರು ಕಣಿವೆ ಬಿಟ್ಟಿರಲಿಲ್ಲ. ಒಂದು ಸಂತೆಯ ದಿನ ಬೆಳಗ್ಗೆ ಮೂವರು ಗಾಡಿಗೆ ಅಡ್ಡ ಬಂದರು. ಕೈಯಲ್ಲಿ ಮಚ್ಚುಗಳಿದ್ದವು. ವರ್ತಕನಿಗೆ ಭಯವಾಗಲಿಲ್ಲ. ಅವನು ಕಾಯುತ್ತಿದ್ದ ಗಳಿಗೆ ಅದು. ಗಾಡಿಯ ಮೇಲೆ ಎದ್ದು ನಿಂತು, ಪಿಸ್ತೂಲು ತೆಗೆದು, ಮುಂದಿದ್ದವನ ಎದೆಗೆ ಗುರಿಯಿಟ್ಟ. ಬೆರಳಿನಿಂದ ಪಿಸ್ತೂಲಿನ ಕುದುರೆ ಒತ್ತಿದ. ಟಕ್ ಎಂದು ಸಣ್ಣ ಶಬ್ದವಾಯಿತು. ಅಷ್ಟೇ. ಮತ್ತೆ ಒತ್ತಿದ. ಈ ಸಲ ಆ ಶಬ್ದವೂ ಬರಲಿಲ್ಲ.

ಮೂವರೂ ನಕ್ಕರು. ಬೆಳ್ಳಿಯ ಗಂಟನ್ನು ಎತ್ತಿಕೊಂಡರು. ಒಬ್ಬ ಪಿಸ್ತೂಲನ್ನು ಕಿತ್ತುಕೊಂಡು ತಿರುಗಿಸಿ ನೋಡಿದ. ಅವನ ಬೆರಳಿಗೆ ಕುಂಕುಮ ಮೆತ್ತಿತು. ಅದನ್ನು ವರ್ತಕನ ಹಣೆಗೆ ಹಚ್ಚಿ, ಪಿಸ್ತೂಲನ್ನು ಅವನ ಮಡಿಲಿಗೆ ಎಸೆದು ಹೇಳಿದ, “ಇದು ನಮಗೆ ಬೇಡ ಶೆಟ್ಟರೇ. ಮನೆಗೆ ಒಯ್ದು ತೊಟ್ಟಿಲಿಗೆ ಕಟ್ಟಿ.”

ಬೆಳ್ಳಿ ಹೋದ ದುಃಖ ಬೇಗ ಆರಿತು. ಹಣೆಯ ಕುಂಕುಮ ಆರಲಿಲ್ಲ.

ವರ್ತಕ ಊರಿಗೆ ಬಂದವನೇ ನೆಟ್ಟಗೆ ಆಯುಧದ ಅಂಗಡಿಗೆ ಹೋಗಿ, ಸಂತೆಗೆ ಹೊರಟಿದ್ದ ಜನರ ಮುಂದೆಯೇ ಪಿಸ್ತೂಲನ್ನು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದ. ಬಿಳಿಯ ಹಿಡಿ ಒಡೆಯಿತು. ಅಂಗಡಿಕಾರ ಅದನ್ನು ಎತ್ತಿಕೊಂಡು, ಬಿಚ್ಚಿ ನೋಡುತ್ತೇನೆ, ಏನಾಗಿದೆಯೋ ತಿಳಿಯೋಣ ಎಂದ. ವರ್ತಕ ಕೇಳಲಿಲ್ಲ. ನೋಡುವುದು ಏನೂ ಉಳಿದಿಲ್ಲ, ಕಾರ್ಖಾನೆಯೇ ಮೋಸದ್ದು, ಮಾರಿದವನೂ ಮೋಸಗಾರ ಎಂದ. ಮನೆಯಲ್ಲಿ ಹೆಂಡತಿ ಕುಂಕುಮದ ಮಾತು ಎತ್ತಿದಾಗ ಊಟದಿಂದ ಎದ್ದು ಹೋದ.

ಆಮೇಲೆ ಅವನಿಗೆ ಮತ್ತೆ ಬೇರೆ ಮಾತಿಲ್ಲ. ಮೊದಲು ಎಷ್ಟು ಜನರ ಮುಂದೆ ಹೊಗಳಿದ್ದನೋ ಅಷ್ಟು ಜನರ ಮುಂದೆ ತೆಗಳಿದ. ಹೊಗಳಿಕೆ ಒಂದು ಊರು ದಾಟುವಷ್ಟರಲ್ಲಿ ತೆಗಳಿಕೆ ಹತ್ತು ಊರು ದಾಟಿತು. ನವಿಲು ಮುದ್ರೆಯನ್ನು ಕೊಳ್ಳುವವರಿಲ್ಲವಾದರು. ಕೊಂಡವರು ಹಿಂದಕ್ಕೆ ತಂದರು. ಮೋಸಗಾರನ ಅಂಗಡಿ ಎಂದು ಬೇರೆ ಮುದ್ರೆಯದನ್ನೂ ಅಲ್ಲಿ ಯಾರೂ ಕೊಳ್ಳಲಿಲ್ಲ. ಅಂಗಡಿಕಾರ ಒಂದು ವರ್ಷ ತಾಳಿದ. ಕೊನೆಗೆ ಅಂಗಡಿ ಮುಚ್ಚಿ, ಪಕ್ಕದ ಪೇಟೆಗೆ ಹೋಗಿ, ಹಗ್ಗ ಗುದ್ದಲಿ ಮಾರಿಕೊಂಡು ಬದುಕಿದ.

ವರ್ತಕ ಈ ಸಲ ದೂರದ ಊರಿನಿಂದ ಮೊಸಳೆ ಮುದ್ರೆಯದನ್ನೇ ಹುಡುಕಿ ತಂದ.

ಅದನ್ನು ಅವನು ಪೂಜೆಗೆ ಇಡಲಿಲ್ಲ. ಪ್ರತಿ ವಾರ ಊರಾಚೆಯ ಹಳೆಯ ಕಲ್ಲುಗಣಿಗೆ ಹೋಗಿ, ಒಡೆದ ಮಡಕೆಗಳನ್ನು ಸಾಲಾಗಿಟ್ಟು ಗುಂಡು ಹಾರಿಸಿ ಅಭ್ಯಾಸ ಮಾಡಿದ. ಮನೆಗೆ ಬಂದು ಬಿಚ್ಚಿ, ಒರೆಸಿ, ಬೇಕಾದಷ್ಟೇ ಎಣ್ಣೆ ಬಿಟ್ಟು ಜೋಡಿಸಿದ. ಮಳೆಯಲ್ಲಿ ನೆನೆದ ದಿನವೂ ಅದು ಹಾರಿತು. ಧೂಳಿನಲ್ಲಿ ಬಿದ್ದ ದಿನವೂ ಹಾರಿತು. ವರ್ತಕನ ಕೈ ಪಳಗಿತು. ಓಡುವ ಗಾಡಿಯ ಮೇಲಿಂದ ಮಡಕೆ ಒಡೆಯುವಷ್ಟು ಪಳಗಿತು.

“ಇದು ನೋಡೋಕೆ ಚೆಂದ ಇಲ್ಲ, ನಿಜ” ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. “ಆದರೆ ಒತ್ತಿದರೆ ಹಾರುತ್ತೆ. ಹಿಂದೆ ಮುಂದೆ ನೋಡೋದಿಲ್ಲ.”

ಜನ ಮೊಸಳೆ ಕೊಂಡರು. ಎಣ್ಣೆ ವ್ಯಾಪಾರಿ ತನ್ನದನ್ನು ಅಂಗಿಯ ಹೊರಗೆ ಕಟ್ಟಿಕೊಂಡ.

ವರ್ತಕನ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ನೇಕಾರನಿದ್ದ. ಹೆಸರು ಚೌಡಣ್ಣ. ಅವನ ಕೈಯಲ್ಲಿ ನೇಯ್ದ ಸೀರೆಯ ಸೆರಗನ್ನು ನೋಡಿದರೆ ಯಾವುದು ಒಳಮೈ, ಯಾವುದು ಹೊರಮೈ ಎಂದು ಹೇಳುವುದು ಕಷ್ಟ. ಅಷ್ಟು ಅಚ್ಚುಕಟ್ಟು. ವರ್ತಕನ ಮಗಳ ಮದುವೆಯ ಸೀರೆ ಅವನದೇ ಮಗ್ಗದ್ದು. ಇಬ್ಬರಿಗೂ ಒಳ್ಳೆಯ ಸ್ನೇಹ. ಸಂಜೆ ಜಗಲಿಯಲ್ಲಿ ಕುಳಿತು ಎಲೆಅಡಿಕೆ ಹಾಕಿಕೊಳ್ಳುವಷ್ಟು ಸ್ನೇಹ.

ಒಂದು ಸಂತೆಯ ದಿನ ಚೌಡಣ್ಣನೂ ಸೀರೆ ಮಾರಲು ಹೋಗಿದ್ದ. ಮಾರಾಟ ಮುಗಿಸಿ ಗುಡ್ಡದ ಕಾಲುದಾರಿಯಲ್ಲಿ ಊರ ಕಡೆಗೆ ನಡೆದ. ಕಣಿವೆಯ ಮೇಲಿನ ಬಂಡೆಗಳ ಹತ್ತಿರ ಬಂದಾಗ ಕೆಳಗೆ ಮಾತು ಕೇಳಿಸಿತು. ಬಗ್ಗಿ ನೋಡಿದ. ಕೆಲವರು ದಾರಿಗೆ ಅಡ್ಡಲಾಗಿ ಮರ ಉರುಳಿಸುತ್ತಿದ್ದರು. ಸಂತೆಯಿಂದ ಶೆಟ್ಟಿಯ ಗಾಡಿ ಬರುವ ಹೊತ್ತಾಯಿತು ಎಂದು ಒಬ್ಬ ಹೇಳಿದ. ಪಿಸ್ತೂಲು ತೆಗೆಯುವ ಮೊದಲೇ ತಲೆಗೆ ಹೊಡೆದುಬಿಡಿ, ಈ ಸಲದ್ದು ತೊಟ್ಟಿಲಿಗೆ ಕಟ್ಟುವುದಲ್ಲ ಎಂದು ಇನ್ನೊಬ್ಬ ಹೇಳಿದ.

ಚೌಡಣ್ಣ ಬಂದ ದಾರಿಯಲ್ಲೇ ತಿರುಗಿ ಓಡಿದ. ಗಾಡಿ ಕಣಿವೆಯೊಳಗೆ ಬರುವ ಮೊದಲೇ ಅದನ್ನು ತಡೆಯಬೇಕಿತ್ತು. ಕಾಲುದಾರಿ ಬಳಸಿ ಹೋದರೆ ತಡವಾಗುತ್ತದೆಂದು ಮುಳ್ಳುಪೊದೆಗಳ ನಡುವೆ ಇಳಿದ. ಮುಳ್ಳು ಪರಚದಿರಲೆಂದು ಹೆಗಲ ಮೇಲಿದ್ದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಕೂಗಿದರೆ ಕೆಳಗಿನವರಿಗೆ ಕೇಳಿಸುತ್ತದೆಂದು ಕೂಗಲಿಲ್ಲ.

ಹೊತ್ತು ಮುಳುಗುತ್ತಿತ್ತು. ಗಾಡಿ ಕಣಿವೆಯ ಬಾಯಿಗೆ ಬಂತು. ಪೊದೆ ಅಲುಗಿತು. ಕಂಬಳಿ ಹೊದ್ದ ಒಬ್ಬ ಮನುಷ್ಯ ಕೈ ಎತ್ತಿಕೊಂಡು ಗಾಡಿಯ ಮೇಲೆ ಬೀಳುವವನಂತೆ ಓಡಿ ಬಂದ.

ವರ್ತಕನ ಕೈ ಪಳಗಿದ ಕೈ. ಅದು ಅವನನ್ನು ಕೇಳಲಿಲ್ಲ. ಮೊಸಳೆ ಮುದ್ರೆಯ ಪಿಸ್ತೂಲು ಒತ್ತಿದ ಕೂಡಲೇ ಹಾರಿತು.

ಎತ್ತಿದ್ದ ಬಲಗೈಗೆ ಗುಂಡು ತಗುಲಿ, ಮೊಣಕೈಯ ಮೂಳೆ ಪುಡಿಯಾಯಿತು. ಕಂಬಳಿ ಜಾರಿತು. ವರ್ತಕ ಗಾಡಿಯಿಂದ ಧುಮುಕಿ ಓಡಿ ಬಂದು ಮುಖ ನೋಡಿದ.

“ಚೌಡಣ್ಣಾ!”

“ಮುಂದೆ ಹೋಗಬೇಡಿ ಶೆಟ್ಟರೇ” ಎಂದ ಚೌಡಣ್ಣ. “ಮರ ಹಾಕಿದ್ದಾರೆ. ಗಾಡಿ ತಿರುಗಿಸಿ.”

ಅಷ್ಟು ಹೇಳಿ ಪ್ರಜ್ಞೆ ತಪ್ಪಿದ.

ವರ್ತಕ ಅವನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದ. ತನ್ನ ಪಂಚೆಯನ್ನು ಹರಿದು ಗಾಯಕ್ಕೆ ಕಟ್ಟಿದ. ಭಾರ ಕಡಿಮೆಯಾಗಲೆಂದು ಬೆಳ್ಳಿಯ ಪೆಟ್ಟಿಗೆಯನ್ನು ದಾರಿಯಲ್ಲೇ ಇಳಿಸಿ, ಎತ್ತುಗಳನ್ನು ಪೇಟೆಯ ಆಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಚೌಡಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಪೊಲೀಸರ ಮುಂದೆ ಒಂದನ್ನೂ ಮುಚ್ಚಿಡಲಿಲ್ಲ. ಚೌಡಣ್ಣ ಎಚ್ಚರವಾದ ಮೇಲೆ, ಇದು ಬೇಕೆಂದು ಮಾಡಿದ್ದಲ್ಲ, ಶೆಟ್ಟರಿಗೆ ನನ್ನ ಗುರುತು ಸಿಗಲಿಲ್ಲ ಎಂದು ಹೇಳಿಕೆ ಕೊಟ್ಟ. ನ್ಯಾಯಾಲಯವೂ ಅದನ್ನು ಒಪ್ಪಿತು. ವರ್ತಕನಿಗೆ ಶಿಕ್ಷೆಯಾಗಲಿಲ್ಲ. ಪಿಸ್ತೂಲು ಹಿಂದಕ್ಕೆ ಬಂತು.

ಚೌಡಣ್ಣನ ಜೀವ ಉಳಿಯಿತು. ಕೈ ಉಳಿಯಲಿಲ್ಲ. ತೋಳಿನಲ್ಲಿ ಜೋತುಬಿದ್ದ ಆ ಕೈಯಿಂದ ಲಾಳಿ ಎಸೆಯಲು ಆಗಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಅವನ ಹೆಂಡತಿ ಅದನ್ನು ಹಾಗೆಯೇ ಕತ್ತರಿಸಿ ತೆಗೆದಳು.

ವರ್ತಕ ಹಲವು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ. ಆಮೇಲೆ ಚೌಡಣ್ಣನ ಮನೆಗೆ ಹೋಗಿ ಅವನ ಕಾಲು ಹಿಡಿದ. ನನ್ನ ಅಂಗಡಿಗೆ ಬಾ, ನನ್ನ ಜೊತೆ ಕುಳಿತುಕೋ, ನಾನು ಉಣ್ಣುವುದನ್ನು ನೀನೂ ಉಣ್ಣು ಎಂದ. ಚೌಡಣ್ಣ ಒಪ್ಪಿದ. ಎಡಗೈಯಿಂದ ಕಾಲ್ಗೆಜ್ಜೆಗಳಿಗೆ ಗೆಜ್ಜೆ ಪೋಣಿಸುವುದನ್ನು ಕಲಿತ. ಅಂಗಡಿಯ ಜಗಲಿಯ ಒಂದು ಮೂಲೆ ಅವನದಾಯಿತು.

ವರ್ತಕನ ಮಾತು ಮತ್ತೆ ತಿರುಗಿತು. ಮೊಸಳೆ ಮುದ್ರೆ ರಾಕ್ಷಸನ ಮುದ್ರೆ ಎಂದ. ಅದನ್ನು ಮಾಡಿದವರಿಗೆ ಹೆಂಡತಿ ಮಕ್ಕಳು ಇಲ್ಲವೇ ಎಂದ. “ಒತ್ತಿದರೆ ಹಾರುತ್ತೆ, ಹಿಂದೆ ಮುಂದೆ ನೋಡೋದಿಲ್ಲ” ಎಂಬ ತನ್ನ ಹಳೆಯ ಮಾತನ್ನೇ ಈಗ ಹಲ್ಲು ಕಡಿದು ಹೇಳುತ್ತಿದ್ದ. ನವಿಲನ್ನು ನೆನೆದು ಕಣ್ಣೀರು ಹಾಕುತ್ತಿದ್ದ. ಅದು ಹಾರದೆ ನನ್ನನ್ನು ಕೊಲೆಯ ಪಾಪದಿಂದ ಉಳಿಸಿತು, ಅದಕ್ಕೆ ಕರುಣೆಯಿತ್ತು, ಅಂಥದ್ದನ್ನು ನಾನು ಕಲ್ಲಿಗೆ ಅಪ್ಪಳಿಸಿದೆ ಎನ್ನುತ್ತಿದ್ದ. ಕೇಳಿದವರು ಈಗಲೂ ತಲೆದೂಗಿದರು. ಕೆಲವರು ಮೊಸಳೆಯನ್ನು ಮಾರಿ ಮತ್ತೆ ನವಿಲನ್ನು ಹುಡುಕಿಕೊಂಡು ಹೋದರು.

ಅದೂ ಹೆಚ್ಚು ಕಾಲ ನಿಲ್ಲಲಿಲ್ಲ. ವರ್ತಕನಿಗೆ ವಯಸ್ಸಾಯಿತು. ಮಗ ಅಂಗಡಿ ನೋಡಿಕೊಳ್ಳತೊಡಗಿದ. ಕಣಿವೆಯಲ್ಲಿ ಪೊಲೀಸ್ ಠಾಣೆ ಬಂತು, ಬಸ್ಸು ಓಡಾಡಿತು. ಕುಳಿತು ಯೋಚಿಸಲು ವರ್ತಕನಿಗೆ ಪುರುಸೊತ್ತಾಯಿತು. ಒಂದು ದಿನ ಹೆಂಡತಿಯನ್ನು ಕರೆದು, ಅಂದು ನೀನು ಹೇಳಿದ ಕುಂಕುಮದ ಮಾತು ಸರಿ ಎಂದ. ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಮರುದಿನವೇ ವರ್ತಕ ಬಸ್ಸು ಹತ್ತಿ ಪೇಟೆಗೆ ಹೋಗಿ, ಹಗ್ಗ ಗುದ್ದಲಿ ಮಾರುತ್ತಿದ್ದ ಮುದುಕನ ಎದುರು ಕೈಮುಗಿದು ನಿಂತ.

“ತಪ್ಪು ನಿಮ್ಮದಲ್ಲ, ಕಾರ್ಖಾನೆಯದೂ ಅಲ್ಲ. ನಾನು ಪೂಜೆ ಮಾಡಿ ಕೆಡಿಸಿದೆ. ನನ್ನ ನಾಲಗೆಯಿಂದ ನಿಮ್ಮ ಅಂಗಡಿ ಹೋಯಿತು” ಎಂದ.

ಆ ಮುದುಕ ಹಗ್ಗದ ಸುರುಳಿಯನ್ನು ಸರಿಸಿ ಜಾಗ ಮಾಡಿದ. “ಕುಳಿತುಕೊಳ್ಳಿ ಶೆಟ್ಟರೇ” ಎಂದ. “ಹಗ್ಗ ಮಾರಿಯೂ ಮೂರು ಮಕ್ಕಳ ಮದುವೆ ಮಾಡಿದೆ. ಇನ್ನು ಆ ಮಾತು ಬೇಡ.”

ಊರಿಗೆ ಬಂದ ವರ್ತಕ ಈ ಕ್ಷಮೆಯನ್ನೂ ಎಲ್ಲರ ಮುಂದೆ ಹೇಳಿದ. ತನ್ನ ತಪ್ಪನ್ನು ಹೇಳಿಕೊಳ್ಳಲು ಅವನು ಹಿಂಜರಿಯುವವನಲ್ಲ. ಅವನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಸುತ್ತಲಿನ ಊರುಗಳಿಂದ ಹೊಸದಾಗಿ ಲೈಸೆನ್ಸು ಪಡೆದವರು, ಯಾವ ಮುದ್ರೆಯದನ್ನು ಕೊಳ್ಳಲಿ ಎಂದು ಅವನನ್ನು ಕೇಳಲು ಬರುತ್ತಿದ್ದರು. ಅವನು ಅವರನ್ನು ಜಗಲಿಯ ಮೇಲೆ ಕೂರಿಸಿ, ಚೌಡಣ್ಣನ ಕೈಯಿಂದ ಎಲೆಅಡಿಕೆ ಕೊಡಿಸಿ, ನಿಧಾನವಾಗಿ ಹೇಳುತ್ತಿದ್ದ.

“ನಾನು ನವಿಲನ್ನು ದೇವರು ಅಂದುಕೊಂಡೆ. ಆಮೇಲೆ ಮೋಸ ಅಂದೆ. ಮೊಸಳೆಯನ್ನು ನೆಂಟ ಅಂದುಕೊಂಡೆ. ಆಮೇಲೆ ರಾಕ್ಷಸ ಅಂದೆ. ನಾಲ್ಕೂ ಸುಳ್ಳು. ನವಿಲಿನ ಕೆಲಸ ನಯ, ಆದರೆ ಅದು ಆರೈಕೆ ಬೇಡುತ್ತೆ. ಮೊಸಳೆ ಒರಟು, ಆದರೆ ಕೈ ಬಿಡೋದಿಲ್ಲ. ನವಿಲು ಕೊಂಡವನು ಸೋಮಾರಿ ಆಗಬಾರದು. ಮೊಸಳೆ ಕೊಂಡವನು ಅವಸರದವನಾಗಬಾರದು. ನಿನ್ನನ್ನು ನೀನು ಮೊದಲು ನೋಡಿಕೊ. ಆಮೇಲೆ ಅಂಗಡಿಗೆ ಹೋಗು.”

ಬಂದವರು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಅವನ ಆ ಮಾತು ಆ ಸೀಮೆಯಲ್ಲಿ ಗಾದೆಯಾಯಿತು. ಪಿಸ್ತೂಲು ಕಣ್ಣಲ್ಲಿ ನೋಡದವರೂ ಎತ್ತು ಕೊಳ್ಳುವಾಗ, ಗಂಡು ನೋಡುವಾಗ ಅದನ್ನು ಬಳಸಿದರು. ವರ್ತಕ ಅದೇ ಜಗಲಿಯಲ್ಲಿ, ಅದೇ ಸಮಾಧಾನದಲ್ಲಿ ಮುಪ್ಪು ಕಳೆದ. ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕುಳಿತವನು ಹಾಗೆಯೇ ಕಣ್ಣು ಮುಚ್ಚಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ಅವನು ಹೇಳಿದ, “ತಿಳಿಯಿತು ಗುರುಗಳೇ. ಅವನ ಮೊದಲಿನ ನಾಲ್ಕು ಮಾತುಗಳು ಸಿಟ್ಟಿನಿಂದ, ಮೋಹದಿಂದ ಬಂದವು. ಕೊನೆಯದು ಅನುಭವದಿಂದ ಬಂತು. ಅದರಲ್ಲಿ ಎರಡೂ ಮುದ್ರೆಗಳಿಗೆ ನ್ಯಾಯ ಸಿಕ್ಕಿತು. ಕಾರ್ಖಾನೆಗಳಿಗೆ ಸಿಕ್ಕಿತು, ಅಂಗಡಿಕಾರನಿಗೂ ಸಿಕ್ಕಿತು. ತನ್ನ ತಪ್ಪನ್ನೂ ಅವನು ಬಿಡಲಿಲ್ಲ. ಆದ್ದರಿಂದ ಕೊನೆಯ ಮಾತೇ ಸತ್ಯ. ಅದರ ಮೇಲೆ ಕೇಳುವುದು ಇನ್ನೇನೂ ಉಳಿಯಲಿಲ್ಲ.”

ಗುರುಗಳು ಹಗ್ಗವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದರು.

“ಗುಂಡು ತಿಂದವನು ಅಷ್ಟು ವರ್ಷ ಆ ಜಗಲಿಯಲ್ಲೇ ಕುಳಿತಿದ್ದ, ಅವನ ಅಭಿಪ್ರಾಯ ಏನೆಂದು ಬಂದವರಾರೂ ಕೇಳಲಿಲ್ಲ, ನೀನೂ ಕೇಳಲಿಲ್ಲ.”